ಧೂಳಿನಾಟ, ಹಿಮದಾಟ ಮತ್ತು ನಮ್ಮ ಬಸ್ಯಾ

ನಮ್ಮ ಮನೆಯ ಟಿವಿ ಕಪಾಟಿನೊಳಗೆ ವಿಡಿಯೋ ಆಟದ ಡಬ್ಬಿಯ ಪಕ್ಕ ಎರಡು ಕಂಟ್ರೋಲರ್ ಇವೆ. ಹೆಂಡತಿ ಗಂಗಾ ಅವನ್ನು ರಿಮೋಟು ಅಂತಾಳೆ. ತಿದ್ದುವುದನ್ನು ಬಿಟ್ಟು ವರ್ಷಗಳಾದವು. ಎರಡರಲ್ಲಿ ಒಂದಕ್ಕೆ ನಾನು ಹತ್ತಿಯ ಬಿಳಿ ಪಟ್ಟಿ ಸುತ್ತಿದ್ದೇನೆ, ಮೋಟಾರಿನ ಕಾಯಿಲಿಗೆ ಸುತ್ತುತ್ತೇವಲ್ಲ, ಅದೇ. ಅದು ಬಸ್ಯಾನದು. ಬಂದೂಕಿನ ಸದ್ದು ಜೋರಾದರೆ ಅವನ ಅಂಗೈ ಬೆವೆತು ಕಂಟ್ರೋಲರ್ ಜಾರುತ್ತಿತ್ತು. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಗಂಗಾ ಕಪಾಟು ಒರೆಸುತ್ತ ಆ ಪಟ್ಟಿ ಸುತ್ತಿದ್ದನ್ನು ಎತ್ತಿದಳು. ಧೂಳು ಜಾಡಿಸಿ, "ಇದನ್ನ ಮ್ಯಾಲ ಅಟ್ಟದ ಮ್ಯಾಲ ಇಡ್ಲೇನ್ರಿ? ಯಾರೂ ಮುಟ್ಟವಲ್ರು" ಎಂದಳು.

ಕೇಳಿದ್ದು ಅಷ್ಟೇ. ಆ ದಿನ ನನ್ನ ರಿಪೇರಿ ಅಂಗಡಿಯಲ್ಲಿ ಒಂದು ಪಂಪಿನ ಮೋಟಾರಿಗೆ ತಂತಿ ಸುತ್ತಲು ಕುಳಿತವನು ಸುತ್ತು ತಪ್ಪಿಸಿ, ಬಿಚ್ಚಿ, ಮತ್ತೆ ಮೊದಲಿನಿಂದ ಸುತ್ತಿದೆ. ಬೆಂಗೇರಿಯಲ್ಲಿ ಶಂಕರಪ್ಪ, ಅಂದರೆ ನಾನು, ಸುತ್ತಿದ ಮೋಟಾರು ಅಂದರೆ ಜನ ಮರುಮಾತಾಡದೆ ಒಯ್ಯುತ್ತಾರೆ. ಜಂಬ ಅನ್ನಿ ಬೇಕಾದರೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಜಂಬವಾದರೂ ಇರಬೇಕಲ್ಲರೀ, ಸರ್ಟಿಫಿಕೇಟ್ ಅಂತೂ ಇಲ್ಲ.

ಬಸ್ಯಾ ಅಂದರೆ ಬಸವರಾಜ. ಏಳನೆಯ ತನಕ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ನಾನು ಸಾಲಿ ಬಿಟ್ಟೆ, ಅವನು ಬಿಡಲಿಲ್ಲ. ಈಗ ಕೇಶ್ವಾಪುರದ ಒಂದು ಟಿವಿ ಅಂಗಡಿಯಲ್ಲಿ ಸೇಲ್ಸಿನವನು, ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡು ಗಿರಾಕಿಗಳಿಗೆ ಬಣ್ಣ, ಬೆಳಕು, ಇಂಚು ಎಲ್ಲ ವಿವರಿಸುತ್ತಾನೆ. ಡಬ್ಬಿಯನ್ನು ನಾನು ಮಗಳಿಗೆಂದು ತಂದದ್ದು. ಮಗಳು ಒಂದು ವಾರ ಆಡಿ, "ಅಪ್ಪಾ, ಇದು ನಿನಗ ಛಲೋ" ಎಂದು ನನಗೇ ಬಿಟ್ಟುಕೊಟ್ಟಳು. ಅಂದಿನಿಂದ ಐತವಾರ ಮಧ್ಯಾಹ್ನ ಊಟವಾದ ಮೇಲೆ ಬಸ್ಯಾ ಸ್ಕೂಟರ್ ಮೇಲೆ ಬರುವುದು, ನಾವಿಬ್ಬರೂ ಒಂದೇ ಸೋಫಾದ ಮೇಲೆ ಕುಳಿತು ದೀಪ ಹಚ್ಚುವ ತನಕ ಗುಂಡು ಹಾರಿಸುವುದು. ಮೀಸೆ ಹಣ್ಣಾದ ಗಂಡಸರು ಹೀಗೆ ಕೂರುವುದನ್ನು ನೋಡಿ ನಗುವವರು ನಗಲಿ. ಇಸ್ಪೀಟಿಗೆ ನಗದವರು ಇದಕ್ಕೇಕೆ ನಗಬೇಕೋ ನಾ ಕಾಣೆ.

ಆ ಆಟದ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಒಗ್ಗಲಿಲ್ಲ. ನಮಗೆ ಅದು ಧೂಳಿನಾಟ. ಎಲ್ಲಿ ನೋಡಿದರೂ ಕೆಂಪು ಮಣ್ಣು, ತುಕ್ಕು ಹಿಡಿದ ತಗಡು, ಮುರಿದ ಗಾಡಿಗಳು. ಗೋಕುಲ ರೋಡಿನ ಹಳೆಯ ಗುಜರಿಯನ್ನು ಯಾರೋ ಚಂದ್ರನ ಮೇಲೆ ಹರವಿದಂತೆ. ಇಬ್ಬರೂ ಜೊತೆಗೂಡಿ ಹೋರಾಡಬೇಕು. ಪರಸ್ಪರ ಹೊಡೆಯುವ ಹಾಗಿಲ್ಲ. ಇದು ಗೊತ್ತಿರಲಿ, ಯಾಕಂದರೆ ಮುಂದೆ ನನಗೆ ಒಬ್ಬರನ್ನು ಹೊಡೆಯುವ ಆಸೆ ಬಹಳ ಆಯಿತು.

ಧೂಳಿನಾಟದಲ್ಲಿ ಲೂಟಿ ಸಾರ್ವಜನಿಕ. ಪೆಟ್ಟಿಗೆ ಒದ್ದರೆ ಬಂದೂಕು, ಕವಚ, ಬಾಂಬು ಎಲ್ಲ ನೆಲದ ಮೇಲೆ ಚೆಲ್ಲುತ್ತವೆ. ಮೊದಲು ಎತ್ತಿಕೊಂಡವನದೇ ಅದು. ಒಂದು ಬಂದೂಕಿನ ಗುಂಡು ಗೋಡೆಗೆ ಬಡಿದು ತಿರುಗಿ ಬಂದು ಹಾರಿಸಿದವನ ಬೆನ್ನಿಗೇ ಹತ್ತುತ್ತಿತ್ತು. ಅಂಥದ್ದಕ್ಕೂ ನಾವು ಜಗಳಾಡಿದ್ದೇವೆ. ಕೊನೆಗೆ ಒಂದು ಕಟ್ಟಳೆ ಮಾಡಿಕೊಂಡೆವು: ಆ ಕಾಳಗದಲ್ಲಿ ಯಾವನು ಗುಂಡು ತಿಂದು ಬಿದ್ದಿದ್ದನೋ ಅವನು ಮೊದಲು ಆರಿಸಬೇಕು.

ಇದನ್ನು ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ನಾವು ಹುಡುಗರಾಗಿ ನಮ್ಮ ಓಣಿಯಲ್ಲಿ ಕಾಮಣ್ಣನನ್ನು ಸುಡುತ್ತಿದ್ದ ಕಾಲದ್ದು. ಹೋಳಿ ಬಂತೆಂದರೆ ಕಟ್ಟಿಗೆ, ಕುಳ್ಳು ಕದಿಯುವುದು ನಮ್ಮ ಕಡೆ ಹುಡುಗರ ಹಕ್ಕು. ಬೇರೆ ದಿನ ಕದ್ದರೆ ಕಳ್ಳತನ, ಆ ದಿನಗಳಲ್ಲಿ ಕದ್ದರೆ ಹಬ್ಬ. ಮುರುಕು ಕುರ್ಚಿ, ದನದ ಕೊಟ್ಟಿಗೆಯ ಗಳ, ಒಮ್ಮೆ ಬಸ್ಯಾನ ಮನೆಯದೇ ನಿಚ್ಚಣಿಕೆ. ಅದನ್ನು ಬಸ್ಯಾನೇ ಮುಂದೆ ನಿಂತು ಹೊರಿಸಿದ. ಹೀಗೆ ಹೋದಾಗ ಯಾರಾದರೂ ಒಬ್ಬ ಸಿಕ್ಕಿಬೀಳುತ್ತಿದ್ದ. ಮನೆಯವರು ಕಿವಿ ಹಿಂಡಿ, ಬೆನ್ನಿಗೆ ಎರಡು ಕೊಟ್ಟು ಕಳಿಸುತ್ತಿದ್ದರು. ಆಮೇಲೆ ಕಾಮಣ್ಣನ ಕಟ್ಟೆಯ ಮೇಲೆ ಚುರುಮುರಿ ಹಂಚುವಾಗ ಮೊದಲ ಬೊಗಸೆ ಅವನದು. ಪೆಟ್ಟು ತಿಂದವನಿಗೆ ಮೊದಲ ಪಾಲು. ಇದಕ್ಕಿಂತ ದೊಡ್ಡ ನ್ಯಾಯ ನನಗೆ ಇಲ್ಲಿಯ ತನಕ ಯಾವ ಕೋರ್ಟು ಕಚೇರಿಯಲ್ಲೂ ಕಂಡಿಲ್ಲ. ಚುರುಮುರಿಯ ಆಸೆಗೆ ಬಸ್ಯಾ ಬೇಕಂತಲೇ ಸಿಕ್ಕಿಬೀಳುತ್ತಿದ್ದ ಎಂದು ನನಗೆ ಈಗಲೂ ಸಂಶಯ. ಧೂಳಿನಾಟದಲ್ಲೂ ಒಳ್ಳೆಯ ಪೆಟ್ಟಿಗೆ ಎದುರಿಗೆ ಕಂಡಾಗ ಅವನು ಹೇಗೋ ಬಿದ್ದೇ ಇರುತ್ತಿದ್ದ.

ಹೀಗೆ ನಡೆದಿತ್ತು ಸಂಸಾರ. ಒಂದು ಐತವಾರ ಬಸ್ಯಾ ಫೋನು ಮಾಡಿ ಯಾರದೋ ಮದುವೆ ಇದೆ, ಬರಲಾಗುವುದಿಲ್ಲ ಎಂದ. ಆಯಿತು ಎಂದೆ. ಸುಮ್ಮನೆ ಡಬ್ಬಿ ಹಚ್ಚಿದೆ. ಅದರಲ್ಲಿ ಗೆಳೆಯರು ತಮ್ಮ ಮನೆಯ ಡಬ್ಬಿ ಹಚ್ಚಿ ಆಡುತ್ತಿದ್ದರೆ ನಮಗೆ ಅವರ ಹೆಸರಿನ ಮುಂದೆ ಹಸಿರು ಚುಕ್ಕೆ ಬರುತ್ತದೆ, ಯಾವ ಆಟ ಎಂಬುದೂ ಕೆಳಗೆ ಬರುತ್ತದೆ. ಬಸ್ಯಾನ ಹೆಸರಿನ ಮುಂದೆ ಹಸಿರು ಚುಕ್ಕೆ ಉರಿಯುತ್ತಿತ್ತು. ಕೆಳಗೆ ನಾನು ಕೇಳಿರದ ಬೇರೊಂದು ಆಟದ ಹೆಸರು. ಮದುವೆ ಮಂಟಪದಲ್ಲಿ ಕುಳಿತು ಆಡುವ ಗಂಡಸನ್ನು ನಾನಂತೂ ನೋಡಿಲ್ಲ.

ಕೇಳಿದಾಗ ಮುಚ್ಚಿಡಲಿಲ್ಲ, ಪಾಪ. ಧಾರವಾಡದ ಮಾಳಮಡ್ಡಿಯಲ್ಲಿ ಕುಲಕರ್ಣಿ ಸರ್ ಅಂತ ಒಬ್ಬರು, ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವರು. ಟಿವಿ ಕೊಳ್ಳಲು ಅಂಗಡಿಗೆ ಬಂದರಂತೆ. ಇದರ ಮೇಲೆ ಆಟ ಹೇಗೆ ಕಾಣುತ್ತದೆ ಎಂದು ಕೇಳಿದರಂತೆ. ಮಾತಿಗೆ ಮಾತು ಬೆಳೆದು ಗೆಳೆತನವಾಯಿತಂತೆ. ಅವರು ಅವರ ಮನೆಯಲ್ಲಿ, ಇವನು ಇವನ ಮನೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬುಧವಾರ ಸಂಜೆ ಆಡುತ್ತಾರಂತೆ. ಈಗೀಗ ಒಂದೊಂದು ಐತವಾರವೂ.

"ಸಿಟ್ಟಿಗೇಳಬ್ಯಾಡೋ ದೋಸ್ತ. ಸರ್ ಭಾಳ ಛಲೋ ಮನಷ್ಯಾ ಅದಾರ. ಆಟಾನೂ ಭಾಳ ಛಲೋ ಅದ" ಎಂದ ಬಸ್ಯಾ.

ಅದ. ಕೇಳಿದಿರಾ? ಹುಟ್ಟಿದಾಗಿನಿಂದ ನಮ್ಮ ಓಣಿಯವರಂತೆ ಐತಿ ಎಂದವನು ಮಾಳಮಡ್ಡಿಯವರಂತೆ ಅದ ಅಂದ. ಮಾಳಮಡ್ಡಿಯ ಗಾಳಿ ಹೆಡ್‌ಫೋನಿನೊಳಗಿಂದಲೂ ಬೀಸುತ್ತದೆ ನೋಡಿ. ಮನೆಗೆ ಬಂದು ಗಂಗಾಳ ಮುಂದೆ ಇದನ್ನೆಲ್ಲ ಹೇಳಿದೆ. ಅವಳು ಸೊಪ್ಪು ಸೋಸುತ್ತ ತಲೆ ಎತ್ತದೆ, "ಅಂದ್ರ ನಿಮಗ ಸವತಿ ಬಂದಾಳ ಅನ್ರಿ" ಎಂದಳು.

ನಗು ಬರಲಿಲ್ಲ. ಹೊಟ್ಟೆಯೊಳಗೆ ವಾರ್ನಿಷ್ ಸುಟ್ಟ ವಾಸನೆ. ಮೋಟಾರು ಸುಡುವ ಮೊದಲು ಹೊರಗೆ ಏನೂ ಕಾಣುವುದಿಲ್ಲ. ತಿರುಗುತ್ತಲೇ ಇರುತ್ತದೆ, ಸ್ವಲ್ಪ ಬಿಸಿ, ಅಷ್ಟೇ.

ಆ ಹೊಸ ಆಟವನ್ನು ನಾನೂ ತಂದೆ. ಸೋತು ಮನೆಯಲ್ಲಿ ಕೂರುವ ಜಾತಿಯಲ್ಲ ನಂದು. ಅದು ಹಿಮದಾಟ. ಒಂದು ದೊಡ್ಡ ಪಟ್ಟಣ, ರೋಗ ಬಂದು ಜನ ಓಡಿಹೋಗಿದ್ದಾರೆ, ಬೀದಿಗಳಲ್ಲಿ ಹಿಮ ಬಿದ್ದಿದೆ. ಖರೇ ಹೇಳುತ್ತೇನೆ, ನೋಡಲು ಸುಂದರ. ಬೀದಿ ದೀಪದ ಕೆಳಗೆ ಹಿಮ ಇಳಿಯುವುದನ್ನು ನೋಡುತ್ತ ನಾನೇ ಮೈಮರೆತು ಗುಂಡು ತಿಂದೆ. ಧೂಳಿನಾಟ ಹುಡುಗರು ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು ಬಣ್ಣ ತುಂಬಿದ ಹಾಗೆ; ಇದು ಫೋಟೋ ತೆಗೆದ ಹಾಗೆ. ಆದರೆ ಇದರಲ್ಲಿ ಪರದೆ ಇಡಿಯಾಗಿ ಒಬ್ಬನದೇ. ಧೂಳಿನಾಟದಲ್ಲಿ ಒಂದೇ ಟಿವಿಯನ್ನು ನಡುವೆ ಗೆರೆ ಹಾಕಿ ಹಂಚುತ್ತಾರೆ: ಮೇಲಿನ ಅರ್ಧ ನನ್ನದು, ಕೆಳಗಿನ ಅರ್ಧ ಬಸ್ಯಾನದು. ಕಣ್ಣು ಸ್ವಲ್ಪ ಕೆಳಗಿಳಿಸಿದರೆ ಸಾಕು, ಅವನು ಎಲ್ಲಿದ್ದಾನೆ, ಎಷ್ಟು ಜೀವ ಉಳಿದಿದೆ, ನನ್ನ ಹಿಂದೆ ಅಡಗಿ ಯಾವ ಪೆಟ್ಟಿಗೆ ಒದೆಯುತ್ತಿದ್ದಾನೆ, ಎಲ್ಲ ಕಾಣುತ್ತದೆ. ಹಿಮದಾಟದಲ್ಲಿ ಹಿಮದ ಒಂದೊಂದು ಎಸಳೂ ಕಾಣುತ್ತದೆ, ಬಸ್ಯಾ ಕಾಣುವುದಿಲ್ಲ.

ಲೂಟಿಯ ಕತೆ ಇನ್ನೂ ಬೇರೆ. ಹಿಮದಾಟದಲ್ಲಿ ಒಂದೇ ಪೆಟ್ಟಿಗೆಯನ್ನು ಮೂವರು ತೆರೆದರೆ ಮೂವರಿಗೂ ಬೇರೆ ಬೇರೆ ಸಾಮಾನು. ನನಗೆ ಬಿದ್ದದ್ದು ನಿಮಗೆ ಕಾಣದು. ಜಗಳವಿಲ್ಲ, ಕಟ್ಟಳೆ ಬೇಕಿಲ್ಲ. ಸುಧಾರಿಸಿದ ಜನರ ಲೂಟಿ. ಸಿಗುವುದಾದರೂ ಏನು? ಕೈಗವಸು, ಮೊಣಕಾಲಿಗೆ ಕಟ್ಟುವ ಪಟ್ಟಿ, ಮುಖವಾಡ. ಒಬ್ಬ ಗೂಂಡಾನನ್ನು ಅಷ್ಟು ಕಷ್ಟಪಟ್ಟು ಕೆಡವಿ, ಅವನ ಕೈಗವಸು ಬಿಚ್ಚಿ, ನನ್ನದಕ್ಕಿಂತ ಶೇಕಡಾ ಎಷ್ಟು ವಾಸಿ ಎಂದು ಕುಳಿತು ಓದಬೇಕು. ಕಾಳಗಕ್ಕಿಂತ ಓದೇ ಹೆಚ್ಚು. ಓದು ಬೇಡವೆಂದೇ ಅಲ್ಲವೇ ನಾನು ಸಾಲಿ ಬಿಟ್ಟದ್ದು.

ಹಂತ ಏರುವುದಂತೂ ನನ್ನ ಗಾಯಕ್ಕೆ ಉಪ್ಪು. ಧೂಳಿನಾಟದಲ್ಲಿ ನಾನೂ ಬಸ್ಯಾನೂ ಒಬ್ಬರನ್ನು ಬಿಟ್ಟು ಒಬ್ಬರು ಆಡುತ್ತಿರಲಿಲ್ಲ. ಹಾಗಾಗಿ ಇಬ್ಬರ ಹಂತವೂ ಸದಾ ಒಂದೇ. ಹಿಮದಾಟದಲ್ಲಿ ನಾನು ಒಂದನೆಯ ಹಂತದಲ್ಲಿ ಕಣ್ಣು ಬಿಟ್ಟಾಗ ಅವರಿಬ್ಬರೂ ಕೊನೆಯ ಹಂತ ಮುಟ್ಟಿದ್ದರು. ಕೊನೆಯದೆಂದರೆ ಮುಗಿಯಿತೇ? ಅದರ ಮೇಲೆ ಮತ್ತೊಂದು ಏಣಿ. ಬಿ.ಎ. ಆದ ಮೇಲೆ ಎಂ.ಎ., ಎಂ.ಎ. ಆದ ಮೇಲೆ ಮತ್ತೊಂದು. ಕುಲಕರ್ಣಿ ಸರ್‌ಗೆ ಆ ಲೆಕ್ಕ ರೂಢಿ ಇರಬೇಕು. ನಾನು ಕಲಿತ ಏಣಿ ಬೇರೆ: ಮೊದಲು ಫ್ಯಾನು, ಆಮೇಲೆ ಮಿಕ್ಸರು, ಆಮೇಲೆ ಪಂಪು. ಪಂಪಿನ ಮೇಲೆ ಏರಲು ಮತ್ತೇನೂ ಇಲ್ಲ, ಇದ್ದಲ್ಲೇ ಚೊಕ್ಕ ಮಾಡಬೇಕು. ಆದರೂ ಹಟ ಹಿಡಿದೆ. ಅಂಗಡಿಯಿಂದ ಬಂದವನೇ ಕುಳಿತು, ಅವರು ಬಳಸಿ ಬಿಸಾಕಿದ ದಾರಿಯಲ್ಲೆಲ್ಲ ಒಬ್ಬನೇ ನಡೆದು ಹಂತ ಏರಿದೆ. ನನ್ನ ವಯಸ್ಸಿನಲ್ಲಿ ಯಾರೂ ಬಿಟ್ಟ ಇಯತ್ತೆಗೆ ತಿರುಗಿ ಹೋಗಿ ಕೂರುವುದಿಲ್ಲ. ನಾನು ಕೂತೆ.

ಅಷ್ಟರಲ್ಲಿ ಐತವಾರ ಬಸ್ಯಾ ಬರುವುದೂ ತಪ್ಪತೊಡಗಿತ್ತು; ಗಂಗಾ ಆ ಪಟ್ಟಿ ಸುತ್ತಿದ್ದನ್ನು ಎತ್ತಿ ಕೇಳಿದ್ದು ಆಗಲೇ. ಒಂದು ಬುಧವಾರ ಬಸ್ಯಾನೇ ಕರೆದ. ಮೂವರೂ ಕೂಡಿದೆವು. ಕಿವಿಯಲ್ಲಿ ಕುಲಕರ್ಣಿ ಸರ್ ದನಿ ಮೊದಲ ಸಲ ಕೇಳಿತು: ಮೆತ್ತಗೆ, ತಿಳಿಯಾಗಿ, ರೇಡಿಯೋದಲ್ಲಿ ಕೃಷಿ ಸಲಹೆ ಓದುವವರ ಹಾಗೆ. ನಮಸ್ಕಾರ ಹೇಳಿದರು, ನನ್ನ ಕಸುಬು ಕೇಳಿದರು, ಅವರ ಮನೆಯ ಪಂಪಿನ ಗುಣಗುಟ್ಟುವಿಕೆಯ ಬಗ್ಗೆಯೂ ಎರಡು ಮಾತಾಡಿದರು. ಬೈಯಲು ಒಂದು ಎಳೆ ಸಿಗಲಿಲ್ಲ. ಇದರಷ್ಟು ಸಿಟ್ಟು ತರಿಸುವ ಸಂಗತಿ ಲೋಕದಲ್ಲಿ ಬೇರೆ ಇಲ್ಲ.

ಹಿಮದಾಟದ ಕಾಳಗವೆಂದರೆ ಅಡಗುವುದು. ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಇಣುಕಿ, ಹೊಡೆದು, ಮತ್ತೆ ಕೂರಬೇಕು. ಧೂಳಿನಾಟದಲ್ಲಿ ನಾವು ಕೂಗುತ್ತ ನುಗ್ಗುವವರು. ಇಲ್ಲಿ ಸರ್, "ಬಸವರಾಜ, ನೀವು ಎಡಕ್ಕ ಸುತ್ತಿ ಬರ್ರಿ, ನಾ ಇಲ್ಲಿ ಹಿಡದಿರ್ತೇನಿ" ಎಂದರೆ ಬಸ್ಯಾ "ಆತ್ರಿ ಸರ್" ಎಂದು ತೆವಳುತ್ತ ಹೋಗುತ್ತಾನೆ. ನನ್ನ ಜೊತೆ ಇಷ್ಟು ವರ್ಷ ಆಡಿದ್ದಾನೆ, ಎಡಕ್ಕೆ ಹೋಗು ಎಂದರೆ ಬಲಕ್ಕೆ ಹೋದವನೇ ಹೊರತು ಆತು ಎಂದವನಲ್ಲ. ಪೆಟ್ಟಿಗೆ ತೆರೆದಾಗ ನಾನು ರೂಢಿಯಂತೆ ಪಕ್ಕಕ್ಕೆ ಸರಿದು ನಿಂತೆ, ಬಿದ್ದಿದ್ದವರು ಮೊದಲು ಆರಿಸಲಿ ಎಂದು. ಅವರಿಬ್ಬರೂ ತಮ್ಮ ತಮ್ಮದು ತಗೊಂಡು ಮುಂದಿನ ಬೀದಿಗೆ ಹೋಗಿದ್ದರು. ನಾನೊಬ್ಬನೇ ಪೆಟ್ಟಿಗೆಯ ಮುಂದೆ, ಬೀಗರ ಮನೆಯಲ್ಲಿ ಯಾರೂ ಕರೆಯದೆ ಪಂಕ್ತಿಗೆ ಕೂರದವನ ಹಾಗೆ.

ಕೊನೆಯ ಕಾಳಗ ಜೋರು. ನಾನೂ ಸರೂ ಒಂದೇ ಹೊತ್ತಿಗೆ ಬಿದ್ದೆವು. ಬಿದ್ದವನು ಸಾಯುವ ಮೊದಲು ಜೊತೆಗಾರ ಬಂದು ಎಬ್ಬಿಸಬೇಕು. ಸರ್ ತಮ್ಮ ತಿಳಿ ದನಿಯಲ್ಲಿ ಬಿದ್ದೆ ಎಂದು ಹೇಳಿದರು, ಎಲ್ಲಿ ಬಿದ್ದೆ ಎಂಬುದನ್ನೂ ಹೇಳಿದರು. ನಾನು ಹೇಳಲಿಲ್ಲ. ಬಸ್ಯಾ ಹಿಮ ಹಾರಿಸುತ್ತ ನನ್ನ ಮಗ್ಗುಲಿಂದಲೇ ಓಡಿಹೋಗಿ ಸರ್‌ರನ್ನು ಎಬ್ಬಿಸಿದ. ನನ್ನ ಇಡೀ ಪರದೆ, ಆ ಸುಂದರ ಹಿಮ, ದೀಪ ಎಲ್ಲ, ನಿಧಾನವಾಗಿ ಬೂದಿಯ ಬಣ್ಣಕ್ಕೆ ತಿರುಗಿತು.

ಮರುದಿನ ನನ್ನ ಅಂಗಡಿಗೆ ಬಂದ ಬಸ್ಯಾ, ಸ್ಟೂಲಿನ ಮೇಲೆ ಕೂರುತ್ತಲೇ ಬೈದ. "ಬಿದ್ದಿದ್ದು ಹೇಳಬಾರದೇನಲೇ ಶಂಕ್ರ್ಯಾ? ಅವ್ರು ಕೂಗಿದ್ರು, ಹೋದೆ. ನೀ ಕೂಗಲೇ ಇಲ್ಲ."

"ನಿನ್ನ ಮುಂದ ನಾ ಯಾಕ ಕೂಗಬೇಕು?" ಎಂದೆ.

ಅವನು ಮೇಜಿನ ಮೇಲಿನ ತಾಮ್ರದ ತಂತಿಯ ತುಂಡನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ. ಹೋಗುವಾಗ ಮಾತ್ರ, ಐತವಾರ ಬರುತ್ತೇನೆ, ಸರ್‌ಗೂ ಧೂಳಿನಾಟ ನೋಡುವ ಆಸೆಯಾಗಿದೆ, ಕರೆತರುತ್ತೇನೆ ಎಂದ. ಬೇಡ ಎನ್ನಲು ಬಾಯಿ ತೆರೆದೆ. ಮನೆಗೆ ಬರುವವರನ್ನು ಬೇಡವೆನ್ನುವುದು ನಮ್ಮ ಮನೆತನದಲ್ಲಿ ಇಲ್ಲ. ಬರಲಿ ಬಿಡು ಎಂದೆ.

ಬಂದರು. ನಾನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದರು. ತಮ್ಮ ಹಿತ್ತಲಿನ ಪೇರಲಹಣ್ಣು ಚೀಲ ತುಂಬ ತಂದಿದ್ದರು. ಗಂಗಾಗೆ ಕೈಮುಗಿದು, ಚಪ್ಪಲಿಯನ್ನು ಹೊರಗೆ ನೀಟಾಗಿ ಜೋಡಿಸಿ ಒಳಗೆ ಬಂದರು. ಅವರು ಕಾಣದಂತೆ ಗಂಗಾ ನನ್ನ ಕಡೆ ನೋಡಿ, ಸವತಿ ಛಲೋನೇ ಇದ್ದಾಳೆ ಎಂಬಂತೆ ಹುಬ್ಬು ಹಾರಿಸಿದಳು. ಧೂಳಿನಾಟ ಒಂದು ಟಿವಿಯ ಮೇಲೆ ಇಬ್ಬರಿಗೇ. ಬಂದವರು ಅತಿಥಿ. ನನ್ನ ಕಂಟ್ರೋಲರ್ ಅವರ ಕೈಗೆ ಕೊಟ್ಟು ನಾನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡೆ. ನನ್ನ ಸೋಫಾದ ತಗ್ಗಿನಲ್ಲಿ ಮಾಳಮಡ್ಡಿ ಕುಳಿತಿತು.

ಮೊದಮೊದಲು ಸಂತೋಷವೇ ಆಯಿತು. ಇಡೀ ಪರದೆಗೆ ಒಗ್ಗಿದವರಿಗೆ ಅರ್ಧ ಪರದೆ ತಿಳಿಯುವುದಿಲ್ಲ. ಸರ್ ಕಣ್ಣು ಬಸ್ಯಾನ ಅರ್ಧದ ಮೇಲಿಟ್ಟು ತಮ್ಮವನನ್ನು ನಡೆಸಿ, ಕೊರಕಲಿಗೆ ಬೀಳಿಸಿದರು. ಮತ್ತೆ ಬೀಳಿಸಿದರು. ನಾನು ಅತಿಥಿಯ ಮುಂದೆ ನಗಬಾರದೆಂದು ಪೇರಲಹಣ್ಣು ಕಚ್ಚಿ ಹಿಡಿದೆ. ಅಷ್ಟರಲ್ಲಿ ಸರ್ ಗುಂಡು ತಿಂದು ಬಿದ್ದೆದ್ದ ಒಂದು ಕಾಳಗ ಮುಗಿದು ಪೆಟ್ಟಿಗೆ ಒಡೆಯಿತು. ನೆಲದ ತುಂಬ ಬಂದೂಕು, ನಡುವೆ ಬಂಗಾರದ ಬಣ್ಣದ್ದೊಂದು. ನಾವು ಇಷ್ಟು ವರ್ಷದಲ್ಲಿ ಕಂಡಿರದಂಥದ್ದು. ಸರ್ ಹಿಂದೆ ಸರಿದರು. ಬಸ್ಯಾ ನಕ್ಕು ಹೇಳಿದ:

"ಸರ್, ನೀವು ಬಿದ್ದಿದ್ರಿ. ಮೊದಲ ನೀವ ಆರಸ್ರಿ. ಇಲ್ಲೆ ಹಂಗ ಐತಿ."

ನನ್ನೊಳಗೆ ಏನೋ ಕಟ್ ಆಯಿತು. ಬುಧವಾರ ತಗೊಳ್ಳಲಿ, ಸೋಫಾ ತಗೊಳ್ಳಲಿ. ಆದರೆ ಆ ಕಟ್ಟಳೆ ನಮ್ಮ ಓಣಿಯದು. ಅದಕ್ಕೆ ನಾನು ಪೆಟ್ಟು ತಿಂದಿದ್ದೇನೆ. ಬಾಯಲ್ಲಿದ್ದ ಹಣ್ಣನ್ನು ನುಂಗಿ, ಏಳನೇ ಇಯತ್ತೆಯ ಹುಡುಗನೂ ಆಡಲು ನಾಚುವ ಮಾತನ್ನು ಆಡಿಯೇ ಬಿಟ್ಟೆ.

"ಬಸ್ಯಾ, ಬರೋ ಐತವಾರ ನಾವಿಬ್ಬರ ಆಡೋಣು. ಸರ್ ಬರೂದು ಬ್ಯಾಡ."

ಗಂಗಾ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. ಬಸ್ಯಾ ಕಂಟ್ರೋಲರ್ ಕೆಳಗಿಟ್ಟ. ಸರ್ ಮಾತ್ರ ಪರದೆಯನ್ನೇ ನೋಡುತ್ತಿದ್ದರು. ಕಿವಿ ಕೆಂಪಾಗಿದ್ದವು. ಆಮೇಲೆ ಮೆಲ್ಲಗೆ, "ಖರೇ ಹೇಳಿದ್ರಿ ಶಂಕರಪ್ಪನವರ. ನೀವು ಆ ಬುಧವಾರ ಬಂದಾಗ ನಾನೂ ಇದನ್ನ ಹೇಳಬೇಕಂತ ಮಾಡಿದ್ದೆ. ಧೈರ್ಯ ಆಗ್ಲಿಲ್ಲ" ಎಂದರು.

ಬಸ್ಯಾ ಇಬ್ಬರ ಮಾರಿಯನ್ನೂ ನೋಡಿದ. "ನಾ ಏನ್ ಪೆಟ್ಟಿಗ್ಯಾಗಿಂದ ಬಿದ್ದ ಬಂದೂಕೇನ್ರಿ?" ಎಂದ.

ಯಾರು ಮೊದಲು ನಕ್ಕರೋ ತಿಳಿಯದು. ನಗುವಿನ ನಡುವೆಯೇ ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡಂತೆ ವಾಟ್ನಿ ಆಯಿತು: ಐತವಾರ ನನ್ನದು, ಬುಧವಾರ ಸರ್‌ದು. ಬಸ್ಯಾನನ್ನು ಕೇಳಲಿಲ್ಲ. ಅವನ ಹೆಂಡತಿಯನ್ನಂತೂ ಯಾರೂ ಕೇಳಲಿಲ್ಲ.

ಹೊಟ್ಟೆಕಿಚ್ಚು ಇದರಿಂದ ಹೋಯಿತೆಂದು ತಿಳಿಯಬೇಡಿ. ಬುಧವಾರ ಸಂಜೆ ನನಗೆ ಇನ್ನೂ ಚಹಾ ರುಚಿಸುವುದಿಲ್ಲ. ಆದರೆ ಅಂದು ನಡೆದ ಇನ್ನೊಂದು ಮಾತು ಹೇಳಿಬಿಡಬೇಕು. ಬಸ್ಯಾ ಸ್ಕೂಟರ್ ತಿರುಗಿಸಲು ಹೋದಾಗ ಸರ್ ಗೇಟಿನ ಬಳಿ ನಿಂತು, ಅತ್ತಿತ್ತ ನೋಡಿ, ದನಿ ಇಳಿಸಿ ಕೇಳಿದರು: "ಅಂವಾ ನನ್ನ ಬಗ್ಗೆ ನಿಮ್ಮ ಮುಂದ ಏನಂತಾನ್ರಿ?"

ಭಾಳ ಛಲೋ ಮನುಷ್ಯಾ ಅಂತಾನೆ ಎಂದೆ. ಸುಳ್ಳಲ್ಲ. ಅವರ ಮುಖ ಅರಳಿತು. ನಾನು ಕೇಳಬಾರದೆಂದು ಹಲ್ಲು ಕಚ್ಚಿದೆ. ಆದರೂ ಬಾಯಿಂದ ಬಂದೇಬಿಟ್ಟಿತು. "ಮತ್ತ ನನ್ನ ಬಗ್ಗೆ?"

"ನಿಮ್ಮ ಬಗ್ಗೆ ಏನ್ ಕೇಳ್ತೀರಿ" ಎಂದರು ಸರ್, ಹೆಲ್ಮೆಟ್ ಪಟ್ಟಿ ಎಳೆಯುತ್ತ. "ಒಂದು ಗುಂಡು ಹಾರಿಸಿದ್ರ ಶಂಕ್ರ್ಯಾ ಹಿಂಗ ಹೊಡೀತಿದ್ದ. ಪೆಟ್ಟಿಗಿ ತೆಗದ್ರ ಶಂಕ್ರ್ಯಾ ಇದ್ದಿದ್ರ ಇದನ್ನ ತಗೋತಿದ್ದ. ಬುಧವಾರ ಪೂರ್ತಿ ಅದ ಆತ್ರಿ. ಕೇಳಿ ಕೇಳಿ ಸಾಕಾಗ್ಯದ ನನಗ."

ಅದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ. ನಾನೂ ನಗಲಿಲ್ಲ, ಸೌಜನ್ಯಕ್ಕೆ. ಗೇಟು ಹಾಕಿ ಒಳಗೆ ಬಂದು ಕೈತೊಳೆದು ಊಟಕ್ಕೆ ಕುಳಿತು ಎರಡು ರೊಟ್ಟಿ ಹೆಚ್ಚಿಗೇ ತಿಂದೆ. ಬದನೆಕಾಯಿ ಪಲ್ಯ ಚೆನ್ನಾಗಿ ಆಗಿರಬೇಕೆಂದು ಗಂಗಾ ತಿಳಿದುಕೊಂಡಳು.